ಎಂಜಿನ್ನಿಗಿಂತ ಮೊದಲು ಎದುರಾಳಿ

ಚದುರಂಗ ಕಲಿಯುವವರಿಗೆ ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದರೆ, ಎಲ್ಲಕ್ಕಿಂತ ಬಲಶಾಲಿ ಯಾವುದೋ ಅದನ್ನೇ ಹಾಕಿಕೊಳ್ಳಿ ಎನ್ನುವವರೇ ಹೆಚ್ಚು. ಕೊಪ್ಪಳ ಸೀಮೆಯಲ್ಲಿ ಆಟಗಳು ತಲೆಮಾರುಗಳನ್ನು ದಾಟಿ ಬಂದ ಬಗೆ ನೋಡಿದರೆ ಈ ಸಲಹೆಯನ್ನು ಒಪ್ಪುವುದು ಕಷ್ಟ. ಯಲಬುರ್ಗಾ ಭಾಗದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ರಚಿಸಿ, ಅರಸರ ವಿನೋದಗಳ ನಡುವೆ ಚದುರಂಗವನ್ನೂ ವಿವರಿಸಿದ. ಆದರೆ ಗ್ರಂಥ ಸಂಸ್ಕೃತದ್ದು, ಓದುಗ ಅರಮನೆಯವನು. ಇಟಗಿಯ ಕಲ್ಲುಕುಟಿಗನ ಮಗ ಆಟ ಕಲಿಯಬೇಕೆಂದರೆ ಆಡುವವರ ಪಕ್ಕ ಕೂರಬೇಕಿತ್ತು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಗೆ ಹೋದರೆ ಮಂಟಪಗಳ ಕಲ್ಲುನೆಲದಲ್ಲೇ ಹುಲಿ-ಕುರಿ ಆಟದ ಗೀರು ಮನೆಗಳು ಕಾಣುತ್ತವೆ. ನಾಲ್ಕು ಜನ ಓಡಾಡುವ ಜಾಗದಲ್ಲಿ ಮನೆ ಕೊರೆದವರು ನೋಡುವವರನ್ನೂ ಲೆಕ್ಕಕ್ಕೆ ಹಿಡಿದಿರಲೇಬೇಕು. ಕೃಷ್ಣದೇವರಾಯನೊಡನೆ ಚದುರಂಗ ಆಡಿ ಉಂಬಳಿ ಗಿಟ್ಟಿಸಿದನೆಂದು ಹೇಳುವ ತೆಲುಗು ಕವಿ ಬೊಡ್ಡುಚೆರ್ಲ ತಿಮ್ಮನ್ನನ ಐತಿಹ್ಯದಲ್ಲೂ ನೆನಪಿನಲ್ಲಿ ಉಳಿದದ್ದು ಇಬ್ಬರು ಎದುರುಬದುರು ಕೂತದ್ದೇ.

ಮುಂದಿನ ಕಾಲದಲ್ಲೂ ಶಾಸ್ತ್ರದ ಭಾಷೆ ಬದಲಾಯಿತೇ ಹೊರತು ಕಲಿಯುವ ದಾರಿ ಬದಲಾಗಲಿಲ್ಲ. 1948ರವರೆಗೆ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಗಂಗಾವತಿ, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ಶಾಲೆ, ಕಚೇರಿ ಎರಡೂ ಉರ್ದುವಿನವು. ಆಗ ಭಾರತದಲ್ಲಿ ರೂಢಿಯಲ್ಲಿದ್ದ ದೇಸೀ ಆಟದ ಕಟ್ಟಳೆಗಳೇ ಬೇರೆ: ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಸರಿಯಬೇಕು, ಕೋಟೆ ಕಟ್ಟುವುದಿಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ. ಮ್ಯಾನುಯೆಲ್ ಆರನ್ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದದ್ದು 1961ರಲ್ಲಿ. ಅಂತರರಾಷ್ಟ್ರೀಯ ನಿಯಮಗಳು ನೆಲೆಯೂರಿದಾಗ ಅವುಗಳ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಸಂಸ್ಕೃತ, ಉರ್ದು, ಇಂಗ್ಲಿಷ್ ಹೀಗೆ ಮೂರು ಸಲವೂ ಪುಸ್ತಕ ಈ ಸೀಮೆಯ ಕಲಿಯುವವನಿಂದ ಒಂದು ಮಾರು ದೂರವೇ ಉಳಿಯಿತು. ಹತ್ತಿರವಿದ್ದದ್ದು ಜೊತೆಗಾರ ಮಾತ್ರ.

ತಂತ್ರಾಂಶವನ್ನು ತೂಗಬೇಕಾದದ್ದು ಇಲ್ಲಿಂದಲೇ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವನನ್ನು ಮೂರೂವರೆ-ಎರಡೂವರೆಯಿಂದ ಸೋಲಿಸಿದ ಮೇಲೆ ಯಂತ್ರದ ಬಲದ ಬಗ್ಗೆ ವಾದ ಉಳಿದಿಲ್ಲ. 2008ರಲ್ಲಿ ಬಂದ ಚದುರಂಗದ ಎಂಜಿನ್ ಸ್ಟಾಕ್‌ಫಿಶ್ ಇಂದು ಪುಕ್ಕಟೆಯಾಗಿ ಫೋನಿನಲ್ಲಿ ಕೂತಿದೆ, ವಿಶ್ವ ಚಾಂಪಿಯನ್ನನಿಗೂ ಅದು ಬಗ್ಗುವುದಿಲ್ಲ. ಕುಷ್ಟಗಿಯ ಹೈಸ್ಕೂಲು ಹುಡುಗಿಗೆ ಆ ಬಲದಿಂದ ಏನು ಸಿಕ್ಕೀತು? ಅದರ ಮಟ್ಟ ಇಳಿಸಿ ಆಡಬಹುದು ನಿಜ. ಆದರೆ ಇಳಿಸಿದ ಎಂಜಿನ್ ಹತ್ತು ನಡೆ ಪಂಡಿತನಂತೆ ಆಡಿ, ಹನ್ನೊಂದನೆಯದಕ್ಕೆ ಮಂತ್ರಿಯನ್ನೇ ಸುಮ್ಮನೆ ಒಪ್ಪಿಸಿಬಿಡುತ್ತದೆ. ಮನುಷ್ಯ ತಪ್ಪುವುದು ಹಾಗಲ್ಲ. ದುರಾಸೆಗೆ ಬಿದ್ದು, ಅವಸರಪಟ್ಟು, ಮೂಲೆಯ ಒಂಟೆಯನ್ನು ಮರೆತು ತಪ್ಪುತ್ತಾನೆ. ಈ ಕೊರತೆ ಕಂಡೇ 2020ರಲ್ಲಿ ‘ಮಾಯಾ’ ಎಂಬ ಎಂಜಿನ್ ಹೊರಬಂತು. ಸಾಮಾನ್ಯ ಆಟಗಾರರ ಆಟಗಳನ್ನೇ ಉಣಿಸಿ, ಅವರಂತೆ ತಪ್ಪುವುದನ್ನು ಅದಕ್ಕೆ ಕಲಿಸಲಾಗಿದೆ. 2010ರಲ್ಲಿ ಶುರುವಾದ, ಜಾಹೀರಾತಿಲ್ಲದ ಉಚಿತ ತಾಣ ಲಿಚೆಸ್‌ನಲ್ಲಿ ಅದರೊಡನೆ ಆಡಬಹುದು. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ಆಟ ಮುಗಿದ ಮೇಲೆ ಅಲ್ಲಿ ಇನ್ನೊಂದು ಅನುಕೂಲ ಸಿಗುತ್ತದೆ. ನೀವು ಎಡವಿದ ನಡೆಯ ಹಿಂದಿನ ಸ್ಥಿತಿಗೆ ಹಲಗೆಯನ್ನು ತಿರುಗಿಸಿ ಇಟ್ಟು, ಇದಕ್ಕಿಂತ ಒಳ್ಳೆಯದನ್ನು ಹುಡುಕಿ ಎಂದು ಕೇಳುತ್ತದೆ. ಉತ್ತರವನ್ನು ತಾನಾಗಿ ಹೇಳುವುದಿಲ್ಲ. ಅಗಸಿ ಕಟ್ಟೆಯ ಮೇಲೆ ಕಾಯಿ ಹಿಂದಿಟ್ಟು “ಮತ್ತೊಮ್ಮಿ ನೋಡಪಾ” ಎನ್ನುವ ಹಿರಿಯ ಮಾಡುವುದೂ ಇದನ್ನೇ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಕಟ್ಟೆಯ ಕಲಿಕೆ ಅಷ್ಟು ಒಳ್ಳೆಯದಾಗಿದ್ದರೆ ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಬರುವವರೆಗೆ ಏಕೆ ಕಾಯಬೇಕಿತ್ತು? ಆಕ್ಷೇಪ ಸರಿಯೇ. ಕಟ್ಟೆಯಲ್ಲಿ ಆಟ ಬರೆದಿಡುವ ರೂಢಿ ಇರಲಿಲ್ಲ, ಊರಿನ ಜಾಣನ ತಪ್ಪೇ ಊರಿನ ಶಾಸ್ತ್ರವಾಗುತ್ತಿತ್ತು, ಆ ತಪ್ಪನ್ನು ಹಿಡಿದು ತೋರಿಸುವವರು ಇರಲಿಲ್ಲ. ಆ ಕೆಲಸಕ್ಕೆ ಬಲಿಷ್ಠ ಎಂಜಿನ್ ಬೇಕೇ ಬೇಕು. ಆದರೆ ಅದರ ಸರದಿ ಆಟ ಮುಗಿದ ಮೇಲೆ, ಅದೂ ಆಡಿದವನು ತಾನೊಮ್ಮೆ ತಲೆ ಕೆಡಿಸಿಕೊಂಡ ನಂತರ. ಮೊದಲೇ ಅದರ ಅಂಕಿ ನೋಡಿದವನಿಗೆ ಎಲ್ಲಿ ತಪ್ಪಿದೆ ಎಂಬುದು ತಿಳಿದೀತು, ಏಕೆ ತಪ್ಪಿದೆ ಎಂಬುದು ತಿಳಿಯದು.

ಹಾಗಾಗಿ ತಂತ್ರಾಂಶಕ್ಕೆ ದುಡ್ಡು ಹಾಕುವ ಮೊದಲು ಮೂರು ಸಂಗತಿ ಕೇಳಿಕೊಳ್ಳಿ: ನನ್ನ ಮಟ್ಟದ ಎದುರಾಳಿ ಅದರಲ್ಲಿ ಸಿಗುತ್ತಾನೆಯೇ, ಐದು ನಿಮಿಷದ ಆಟಕ್ಕೆ ದೂಡದೆ ಅರ್ಧ ಗಂಟೆಯ ಆಟಕ್ಕೆ ಅವಕಾಶವಿದೆಯೇ, ಆಡಿದ ಆಟವನ್ನು ನನ್ನಿಂದಲೇ ತಿದ್ದಿಸುತ್ತದೆಯೇ. ಈ ಮೂರೂ ಪುಕ್ಕಟೆಯಾಗಿ ಸಿಗುವಾಗ, ಕಲಿಕೆಯ ಮೊದಲ ವರ್ಷಗಳಲ್ಲಿ ದುಬಾರಿ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ.