ಪಾಯಿಂಟ್ 22 ರೈಫಲ್ ಮತ್ತು ಬೆಳೆರಕ್ಷಣೆ

0.22 ಅಂಗುಲ, ಎಂದರೆ ಸುಮಾರು 5.6 ಮಿಲಿಮೀಟರ್ ವ್ಯಾಸದ ಗುಂಡು ಹಾರಿಸುವ ಹಗುರ ರೈಫಲ್. ಎನ್‌ಸಿಸಿ ಶಿಬಿರದಲ್ಲಿ ಬೋರಲು ಮಲಗಿ ಗುರಿ ಹಿಡಿದವರಿಗೆಲ್ಲ ಇದರ ಪರಿಚಯವುಂಟು. ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಮೊಲ ಮತ್ತಿತರ ಸಣ್ಣ ಬೆಳೆಗಳ್ಳರನ್ನು ಹೊಡೆಯಲು ರೈತರು ಬಳಸುವ ಕೋವಿ ಇದು. ಕರ್ನಾಟಕದಲ್ಲಿ ಮಾತ್ರ ಗುರಿಹಲಗೆ ದಾಟಿ ಹೊಲಕ್ಕೆ ಇಳಿಯಲಿಲ್ಲ. ಅದಕ್ಕೆ ಕಾನೂನೊಂದೇ ಕಾರಣವಲ್ಲ; ಇಲ್ಲಿನ ಪ್ರಾಣಿಗಳೂ ನೆಲವೂ ಅದಕ್ಕೆ ಒಗ್ಗುವಂಥವಲ್ಲ.

ತೋಟೆ: ದೊಡ್ಡ ರೈಫಲ್ಲಿನ ತೋಟೆಗೆ ತಳದ ನಡುವೆ ಕೇಪು ಇರುತ್ತದೆ. ಪಾಯಿಂಟ್ 22ರದು ರಿಮ್‌ಫೈರ್ ತೋಟೆ; ಅದಕ್ಕೆ ಬೇರೆ ಕೇಪಿಲ್ಲ. ಸಿಡಿಮದ್ದನ್ನು ಹಿತ್ತಾಳೆ ಕೊಳವೆಯ ತಳದ ಅಂಚಿನ ಮಡಿಕೆಯೊಳಗೇ ಸುತ್ತ ತುಂಬಿರುತ್ತಾರೆ. ಬಡಿಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹಾರುತ್ತದೆ. ಜಜ್ಜಿಸಿಕೊಳ್ಳಬೇಕಾದರೆ ಅಂಚು ತೆಳುವಾಗಿರಬೇಕು, ತೆಳುವಾದದ್ದು ಹೆಚ್ಚು ಒತ್ತಡ ತಾಳದು. ಈ ತೋಟೆ ಅಗ್ಗವಾಗಿರುವುದಕ್ಕೂ ಬಡಕಲಾಗಿರುವುದಕ್ಕೂ ಇದೇ ಕಾರಣ. ಖಾಲಿ ಕೊಳವೆಗೆ ಮತ್ತೆ ಮದ್ದು ತುಂಬಿ ಬಳಸುವ ರೂಢಿಯೂ ಇಲ್ಲ. ಅಮೆರಿಕದ ಸ್ಮಿತ್ ಅಂಡ್ ವೆಸನ್ 1857ರಲ್ಲಿ ತಂದ '22 ಶಾರ್ಟ್' ಇದರ ಹಿರಿಯಣ್ಣ. ಇಂದು ಎಲ್ಲೆಡೆ ಚಾಲ್ತಿಯಲ್ಲಿರುವ '22 ಲಾಂಗ್ ರೈಫಲ್' 1887ರದು. ಇದರ ಸೀಸದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ 320ರಿಂದ 380 ಮೀಟರ್ ವೇಗದಲ್ಲಿ ಓಡುತ್ತದೆ.

ಮೊಲದ ಮೇಲೆ: ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲ ತರಿಸಿ ಬಿಟ್ಟ, ಅವು ಖಂಡವನ್ನೇ ಮೇಯ್ದವು. ಆ ಮೊಲ ಬಿಲ ತೋಡಿ ಗುಂಪಾಗಿ ಬಾಳುವ ಜಾತಿ. ಶಬ್ದದ ವೇಗಕ್ಕಿಂತ ನಿಧಾನದ ತೋಟೆ ಬಳಸಿದರೆ ಸದ್ದು ಕಡಿಮೆ. ಒಂದು ಉರುಳಿದರೂ ಪಕ್ಕದವು ಅಷ್ಟಾಗಿ ಬೆದರುವುದಿಲ್ಲ. ಐವತ್ತು-ಅರವತ್ತು ಮೀಟರ್ ಒಳಗೆ ತಲೆಗೆ ಬಿದ್ದ ಗುಂಡು ಒಂದೇ ಏಟಿಗೆ ಕೊಲ್ಲುತ್ತದೆ. ಅದರಾಚೆ ಗುಂಡು ಬೇಗ ಕೆಳಗಿಳಿಯುತ್ತದೆ, ಗಾಳಿಗೆ ಸರಿಯುತ್ತದೆ, ಪ್ರಾಣಿ ಗಾಯಗೊಂಡು ನರಳುತ್ತದೆ.

ಆ ಮೊಲಕ್ಕೂ ನಮ್ಮ ಮೊಲಕ್ಕೂ ಕನ್ನಡದಲ್ಲಿ ಒಂದೇ ಹೆಸರಾದ್ದರಿಂದ ಗೊಂದಲವಾಗುವುದುಂಟು. ನಮ್ಮ ಹೊಲದ ಕಪ್ಪು ಕತ್ತಿನ ಮೊಲ ಬಿಲ ತೋಡುವುದಿಲ್ಲ. ಹಗಲೆಲ್ಲ ಪೊದೆಯ ಬುಡದಲ್ಲಿ ಒಂಟಿಯಾಗಿ ಹುದುಗಿದ್ದು ಕತ್ತಲಾದ ಮೇಲೆ ಮೇಯುತ್ತದೆ. ಎಳೆ ಚಿಗುರು ಕತ್ತರಿಸುತ್ತದೆ ನಿಜ, ಆದರೆ ಆಸ್ಟ್ರೇಲಿಯದ ಮೊಲದಂತೆ ಹಿಂಡಾಗಿ ಹೊಲ ಬೋಳಿಸುವ ಪ್ರಾಣಿಯಲ್ಲ.

ಕೊಡ್ಲಿ ಸೀಮೆ: ಕಲಬುರಗಿ ಜಿಲ್ಲೆಯ ಕೊಡ್ಲಿ, ಅದರ ಸುತ್ತಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ತೊಗರಿಯ ನಾಡು, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇಲ್ಲಿ ರೈತ ಬೈಯುವುದು ಮೊಲವನ್ನಲ್ಲ, ಕಾಡುಹಂದಿಯನ್ನು ಮತ್ತು ಚಿಗರಿಯನ್ನು (ಕೃಷ್ಣಮೃಗವನ್ನು). ಕ್ವಿಂಟಲ್ ಹತ್ತಿರ ತೂಗಬಲ್ಲ ಹಂದಿಗೆ 2.6 ಗ್ರಾಂ ಗುಂಡು ಹೊಡೆದರೆ ಅದು ಸಾಯದೆ ಕೆರಳುತ್ತದೆ. ಚಿಗರಿಯಂತೂ ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯ ಪ್ರಾಣಿ. ಮುಟ್ಟಿದರೆ ಕನಿಷ್ಠ ಮೂರು ವರ್ಷ ಜೈಲು.

ನೆಲದ ಮಾತೂ ಇದೆ. ಶಹಾಬಾದ್, ವಾಡಿ, ಸೇಡಂ ಕಡೆ ಎರೆಮಣ್ಣಿನ ಕೆಳಗೆ ಸುಣ್ಣಕಲ್ಲು ಹಾಸಿದೆ. ಗಣಿಯಂಚಿನಲ್ಲಿ, ಒಡ್ಡಿನಲ್ಲಿ, ಮನೆಯ ಗೋಡೆಯಲ್ಲಿ, ಎಲ್ಲೆಲ್ಲೂ ಫರಸಿ ಕಲ್ಲು. ಈ ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು, ಗಟ್ಟಿ ಚಪ್ಪಟೆ ಕಲ್ಲಿಗೆ ಓರೆಯಾಗಿ ಬಡಿದರೆ ಪುಟಿದು ದಿಕ್ಕು ತಪ್ಪುತ್ತದೆ. ಕೂಲಿಯವರು ತುಂಬಿದ ಬಯಲುಸೀಮೆಯ ಹೊಲದಲ್ಲಿ ಇದು ಸಣ್ಣ ಅಪಾಯವಲ್ಲ.

ಕಾನೂನು: 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಯಾವ ಕೋವಿ ಯಾವ ಕೆಲಸಕ್ಕೆಂದು ಬಿಡಿಸಿ ಹೇಳುತ್ತದೆ. ಬೆಳೆರಕ್ಷಣೆಗೆ ಅದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ, ಎಂದರೆ ನಳಿಗೆಯೊಳಗೆ ಸುರುಳಿಗೆರೆಯಿಲ್ಲದ, ಬಂದೂಕು. ಪಾಯಿಂಟ್ 22 ರೈಫಲ್ ಅದೇ ಕಲಮಿನಲ್ಲಿ ಬರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನ ಗುರಿ ಅಭ್ಯಾಸಕ್ಕಾಗಿ. ನಯನಳಿಗೆಯ ಚರೆ ಬೇಗ ಕಸುವು ಕಳೆದುಕೊಂಡು ಹತ್ತಿರದಲ್ಲೇ ಬೀಳುತ್ತದೆಂಬುದನ್ನು ನೆನೆದರೆ ಈ ವಿಂಗಡಣೆ ಅವಿವೇಕದ್ದೆನಿಸದು.

ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದು ಹಲವರು ಮರೆಯುವ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲವನ್ನು ನಾಲ್ಕನೆಯ ಅನುಸೂಚಿಯಲ್ಲಿಟ್ಟಿತ್ತು. 2022ರ ತಿದ್ದುಪಡಿಯಿಂದ ಅದು ಎರಡನೆಯದಕ್ಕೆ ಏರಿದೆ. ಕೊಂದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಂತ ಬೆಳೆಗೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು 11ನೆಯ ಕಲಮಿನಡಿ ಲಿಖಿತ ಅನುಮತಿ ಬೇಕು. ಕೇಂದ್ರ ಸರ್ಕಾರ 62ನೆಯ ಕಲಮಿನಡಿ 2015-16ರಲ್ಲಿ ಬಿಹಾರ, ಉತ್ತರಾಖಂಡಗಳ ಕೆಲವೆಡೆ ಕಾಡುಹಂದಿಯನ್ನು ನಿಗದಿತ ಅವಧಿಗೆ ಉಪದ್ರವಿ ಎಂದು ಸಾರಿತ್ತು.

ಕೊಡಗು ಬೇರೆಯೇ ಲೋಕ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿ 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿದಿದೆ. ಅಲ್ಲಿಯೂ ಪಾಯಿಂಟ್ 22 ಮೆರೆಯುವುದು ಕೈಲ್‌ಪೊಳ್ದ್ ಹಬ್ಬದ ಹೊತ್ತಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ; ವಿನಾಯಿತಿ ಇದ್ದಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಂತಲ್ಲ.

ಇಲಿ: 1972ರ ಕಾಯ್ದೆಯ ಐದನೆಯ ಅನುಸೂಚಿ ಕಾಗೆ, ಹಣ್ಣುಬಾವಲಿಗಳ ಜೊತೆ ಇಲಿ, ಸುಂಡಿಲಿಗಳನ್ನೂ ಉಪದ್ರವಿಗಳೆಂದು ಎಣಿಸಿತ್ತು. ಹೊಲದಲ್ಲಿ ರೈತ ಅಂಜದೆ ಕೊಲ್ಲಬಹುದಾದ ಪ್ರಾಣಿ ಇದೇ, ರೈಫಲ್ ಅತಿ ನಿರುಪಯುಕ್ತವಾಗುವುದೂ ಇದರ ಮೇಲೆಯೇ. ಒಡ್ಡಿನ ಬಿಲದೊಳಗಿದ್ದು ಇರುಳಲ್ಲಿ ಓಡಾಡುವ ಇಲಿಗೆ ಗುರಿ ಹಿಡಿಯುವುದಾದರೂ ಹೇಗೆ? ಅದಕ್ಕೆ ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿ ಇಡುತ್ತಾರೆ. ವಿಷವಿಲ್ಲದ ತಿಂಡಿಯನ್ನು ಮೊದಲೆರಡು ದಿನ ಇಟ್ಟು ರುಚಿ ಹತ್ತಿಸದಿದ್ದರೆ ಇಲಿ ಮೂಸಿ ಬಿಟ್ಟುಹೋಗುತ್ತದೆ. ಹೊಲದ ನಡುವೆ ಅಡ್ಡಕೋಲು ಕಟ್ಟಿದ ಗೂಟ ನೆಟ್ಟರೆ ರಾತ್ರಿ ಗೂಬೆ ಬಂದು ಕೂತು ಇಲಿ ಹಿಡಿಯುತ್ತದೆ.