ಸಾಕ್ಷಿ ತರಬೇಕಾದವರು ಯಾರು?



ನಮ್ಮಪ್ಪ ಜೀತಕ್ಕಿದ್ದ. ತಾತ ಮದುವೆ ಖರ್ಚಿಗೆ ತಗೊಂಡಿದ್ದ ಇನ್ನೂರು ರೂಪಾಯಿ ಸಾಲಕ್ಕೆ. ದನ ಕಾದ, ಸಗಣಿ ಬಾಚಿದ, ಹೊಲ ಉತ್ತ. ಸಾಲ ಮಾತ್ರ ತೀರಲಿಲ್ಲ. ಲೆಕ್ಕದ ಪುಸ್ತಕ ಧಣಿ ಕೈಲಿತ್ತು.

ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು 1950ರಲ್ಲೇ ನಿಷೇಧಿಸಿತ್ತು. ಜೀತದಿಂದ ಬಿಡಿಸೋ ಕಾಯ್ದೆಗೆ ಇನ್ನೂ 25 ವರ್ಷ ಕಾಯಬೇಕಾಯ್ತು. 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಆಯ್ತು. ಜೀತದ ಸಾಲವೆಲ್ಲ ವಜಾ. ಜೀತಕ್ಕಿಟ್ಟುಕೊಂಡವರಿಗೆ 3 ವರ್ಷದವರೆಗೆ ಜೈಲು. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ. ಅದರಲ್ಲಿ ನಮ್ಮ ಪರಿಶಿಷ್ಟರು ಮೂವರು ಇರಲೇಬೇಕು.

ಎಲ್ಲಕ್ಕಿಂತ ದೊಡ್ಡದು 15ನೇ ಕಲಂ. 'ಇದು ಜೀತದ ಸಾಲ' ಅಂತ ಆಳು ಹೇಳಿದ್ರೆ, ಅಲ್ಲ ಅಂತ ರುಜುವಾತು ಮಾಡಬೇಕಾದವನು ಸಾಲ ಕೊಟ್ಟ ಧಣಿ.

ಅಪ್ಪ ಅರ್ಜಿ ಹಿಡ್ಕೊಂಡು ಕಚೇರಿಗೆ ಹೋದಾಗ ಕೇಳಿದ್ದೇನು ಗೊತ್ತಾ? "ಜೀತಕ್ಕಿದ್ದೆ ಅನ್ನೋದಕ್ಕೆ ಏನಯ್ಯ ಸಾಕ್ಷಿ?"

ಅಪ್ಪ ಸುಮ್ನೆ ವಾಪಸ್ ಬಂದ. ಬಿಡುಗಡೆ ಪತ್ರ ಇಲ್ಲ ಅಂದ್ರೆ ಪುನರ್ವಸತಿನೂ ಇಲ್ಲ. ಪತ್ರ ಸಿಗದೇನೇ ತೀರಿಹೋದ.

ಇವತ್ತು ಇಟ್ಟಿಗೆ ಗೂಡಲ್ಲಿ, ಕಬ್ಬಿನ ಗದ್ದೆಯಲ್ಲಿ ಅದೇ ಸಾಲಕ್ಕೆ 'ಅಡ್ವಾನ್ಸ್' ಅಂತಾರೆ. ಯಾವ ಅಧಿಕಾರಿ ಆದ್ರೂ ಸಾಕ್ಷಿ ಕೇಳಿದ್ರೆ 15ನೇ ಕಲಂ ಓದಿ ಹೇಳಿ. ಸಾಕ್ಷಿ ತರಬೇಕಾದವರು ನಾವಲ್ಲ.