ಸಂತೆಯಿಂದ ಫೋನಿಗೆ: ಚನ್ನಪಟ್ಟಣದ ಗೊಂಬೆ ಕಸುಬು ನಡೆದ ದಾರಿ



ಬುಟ್ಟಿ, ಮೊರ ಹೆಣೆಯುವ ಮೇದರಿಗೂ ಮಡಕೆ ಮಾಡುವ ಕುಂಬಾರರಿಗೂ ನಮ್ಮ ಸೀಮೆಯಲ್ಲಿ ಸಂತೆಯೇ ಪೇಟೆ. ಈಗ ಫೋನಿನಲ್ಲೇ ಮಾರಬಹುದು ಅಂತಾರೆ. ಹಾಗೆ ಮಾರಲು ಕಲಿಯುತ್ತಿರುವ ಕಸುಬೊಂದರ ಚರಿತ್ರೆ ಬೇಕಾದರೆ ಚನ್ನಪಟ್ಟಣದ ಕಡೆ ನೋಡಬೇಕು.

ಅಲ್ಲಿ ಆಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುತ್ತಾರೆ. ಟಿಪ್ಪುವಿನ ಕಾಲದ ಕಸುಬೆಂದು ಪ್ರತೀತಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ವಿಧಾನಗಳನ್ನು ತಂದು ಕಲಿಸಿದರೆಂದು ಹೇಳುತ್ತಾರೆ. ಅಂದರೆ ಹೊಸ ವಿದ್ಯೆ ಕಲಿಯೋದು ಅವರಿಗೆ ಹೊಸದೇನಲ್ಲ. ತೊಡಕಿದ್ದದ್ದು ಮಾರಾಟದಲ್ಲಿ. ಕಾವೇರಿ ಎಂಪೋರಿಯಂ, ದಲ್ಲಾಳಿಗಳು, ಬೆಂಗಳೂರು–ಮೈಸೂರು ರಸ್ತೆ ಬದಿಯ ಅಂಗಡಿಗಳು, ಇಷ್ಟೇ ದಾರಿ. ಕೊಂಡವರು ಯಾರೆಂದು ಕಡೆದವನಿಗೆ ತಿಳಿಯುತ್ತಿದ್ದುದು ಅಪರೂಪ. ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದಾಗ ಪೆಟ್ಟು ಬಿತ್ತು. 2005–06ರಲ್ಲಿ ಜಿ.ಐ. ಎಂಬ ಭೌಗೋಳಿಕ ಮಾನ್ಯತೆಯೇನೋ ಸಿಕ್ಕಿತು, ಆದರೆ ಮಾನ್ಯತೆ ತಾನೇ ಗಿರಾಕಿಯನ್ನು ಕರೆತರೋದಿಲ್ಲ.

2020ರ ಕೊರೊನಾದಲ್ಲಿ ಅಂಗಡಿ ಮುಚ್ಚಿದವು. 2023ರಲ್ಲಿ ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಊರ ಹೊರಗಿಂದಲೇ ಹೋಗತೊಡಗಿ ರಸ್ತೆ ಬದಿಯ ವ್ಯಾಪಾರ ಸೊರಗಿತು. ಆಗ ವಾಟ್ಸಾಪ್, ಅಮೆಜಾನ್, ಫ್ಲಿಪ್‌ಕಾರ್ಟ್ ಅನ್ನೋವು ಬರೀ ಹುಡುಗರ ಮಾತಾಗಿ ಉಳಿಯಲಿಲ್ಲ.

ಆದರೆ ಫೋನಿನಲ್ಲಿ ಮಾರೋದು ಸಲೀಸಲ್ಲ. ಕೈಯಲ್ಲಿ ಹಚ್ಚಿದ ಬಣ್ಣ ಒಂದರಂತೆ ಇನ್ನೊಂದಿರದು. ಚಿತ್ರದಲ್ಲಿ ಕಂಡದ್ದೇ ಬೇಕೆಂದು ಗಿರಾಕಿ ವಾಪಸು ಕಳಿಸಿದರೆ ನಷ್ಟ ಮಾಡಿದವನದೇ. ಅವರ ಕಮಿಷನ್ ಬೇರೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ, ಇಂಥ ಪೇಟೆಗಳಲ್ಲಿ ಸರಕು ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗೆ ವಿನಾಯಿತಿ ಬಂದಿದೆ, ಅದೂ ತನ್ನ ರಾಜ್ಯದೊಳಗೆ ಮಾರಿದರೆ ಮಾತ್ರ. ಫೋಟೋ, ಪ್ಯಾಕಿಂಗ್, ಲೆಕ್ಕ, ಗಿರಾಕಿಗೆ ಉತ್ತರ ಎಲ್ಲವನ್ನೂ ಕಡೆಯುವವನೇ ಮಾಡುತ್ತಾ ಕೂತರೆ ಕಡೆಯೋದು ಯಾವಾಗ? ಸಹಕಾರ ಸಂಘಕ್ಕೆ ಕೆಲಸವಿರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಹತ್ತು ಜನರ ಪರವಾಗಿ ಒಬ್ಬರು ಈ ಕೆಲಸ ನೋಡಿಕೊಳ್ಳಬಹುದು.

ಲಕ್ಕವಳ್ಳಿಗೆ ಇದನ್ನು ಹೊಂದಿಸಿ ನೋಡೋಣ. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಮರದ ಪಟ್ಟಿಯಿಂದ ತೆಗೆದ ಮೇಲೆ, ಹಿತ್ತಲಿನ ಬಿದಿರು ಕಡಿದು ಸಾಗಿಸುವ ತೊಡಕು ಕಡಿಮೆಯಾಗಿದೆ. ಉಳಿದದ್ದು ಸಾಗಾಟದ ಖರ್ಚು. ಕೊರಿಯರ್‌ನವರು ತೂಕದ ಜೊತೆಗೆ ಪೆಟ್ಟಿಗೆಯ ಅಳತೆಯನ್ನೂ ನೋಡುತ್ತಾರೆ. ಬುಟ್ಟಿ ಹಗುರ, ಜಾಗ ಮಾತ್ರ ಬಹಳ. ಒಂದರೊಳಗೊಂದು ಕೂರುವಂತೆ ಅಳತೆ ಮಾಡಿ ಹೆಣೆದರೆ ಒಂದೇ ಪೆಟ್ಟಿಗೆಯಲ್ಲಿ ಐದು ಬುಟ್ಟಿ ಹೋಗುತ್ತವೆ.